ತೆರೆಯ ಮೇಲೆ ಒಂದೇ ಒಂದು ‘ಹೌದು’

“ಇವತ್ತಿನ ಪಾಠ ಅರ್ಥವಾಯಿತೇ?” ಎಂಬ ಪ್ರಶ್ನೆ ತೆರೆಯ ಮೇಲೆ ಮೂಡಿತು. ಮಾತಿಗೊಮ್ಮೆ ‘ಅಂದ್ರೆ’ ಎನ್ನುವ ಗುತ್ತಿಗೆ ಅಧ್ಯಾಪಕರು, ಅಂದರೆ ನಮ್ಮ ‘ಅಂದ್ರೆ ಮೇಷ್ಟ್ರು’, ಬೆವರು ಒರೆಸಿಕೊಂಡರು. ಹಿಂದಿನ ಬೆಂಚಿನಲ್ಲಿ ವಿಭಾಗದ ಮುಖ್ಯಸ್ಥೆ ಕುಳಿತಿದ್ದರು. ಮುಂದಿನ ವರ್ಷ ಪಾಠಕ್ಕೆ ಮೇಷ್ಟ್ರೋ, ಬರೀ ವಿಡಿಯೋವೋ ಎಂಬುದನ್ನು ಈ ಉತ್ತರಗಳನ್ನು ನೋಡಿಯೇ ಅವರು ತೀರ್ಮಾನಿಸುವವರಿದ್ದರು.

“ಅಂದ್ರೆ... ಹೆಸರು ಕಾಣಲ್ಲ, ಧೈರ್ಯವಾಗಿ ಫೋನಲ್ಲಿ ಒತ್ರಪ್ಪಾ.”

“ಅಂದ್ರೆ... ಒತ್ರಪ್ಪಾ!” ಎಂದು ನಮ್ಮ ತರಗತಿಯ ಮಿಮಿಕ್ರಿ ವೀರ ಅದೇ ದನಿ ತೆಗೆದ. ಎಲ್ಲರೂ ‘ಇಲ್ಲ’ ಒತ್ತಬೇಕೆಂದು ಬೆಳಿಗ್ಗೆ ಕ್ಯಾಂಟೀನಿನಲ್ಲಿ ಸಂಚು ಹೂಡಿದ್ದವನೂ ಅವನೇ. ಕೆಂಪು ಪಟ್ಟಿ ಸರಸರನೆ ಬೆಳೆದು ನಿಂತಿತು. ಇಲ್ಲ: ಅರವತ್ತೆರಡು. ಹೌದು: ಒಂದು.

“ಯಾರೋ ಅದು, ಮೇಷ್ಟ್ರ ಅಳಿಯ?” ಎಂದು ಅವನು ಕೂಗಿದ್ದೇ ತಡ, ತರಗತಿ ಗೊಳ್ಳೆಂದಿತು.

ಮೇಷ್ಟ್ರು ತಮ್ಮ ಫೋನನ್ನು ಎತ್ತಿ ತೋರಿಸಿದರು. “ನಾನೇ ಕಣಪ್ಪಾ. ಮೊದಲು ಒತ್ತೋಕೆ ನಿಮಗೆಲ್ಲ ಸಂಕೋಚ ಅಲ್ವಾ? ಅದಕ್ಕೇ ದಿನಾ ನಾನೊಂದು ಒತ್ತಿ ಶುರು ಮಾಡ್ತೀನಿ.”

ಮುಖ್ಯಸ್ಥೆ ತಮ್ಮ ಹಾಳೆಯಲ್ಲಿ ಬರೆದುಕೊಂಡಿದ್ದ ‘ಹೌದು: ಒಂದು’ ಎಂಬುದರಲ್ಲಿ ಒಂದನ್ನು ಹೊಡೆದುಹಾಕಿ, ಪಕ್ಕದಲ್ಲಿ ದುಂಡಗೆ ಸೊನ್ನೆ ಬರೆದರು. ಅದನ್ನು ಕಂಡ ಮಿಮಿಕ್ರಿ ವೀರ ನಗು ನಿಲ್ಲಿಸಿ ಫೋನನ್ನು ಕೆಳಗಿಟ್ಟ.

“ಅಂದ್ರೆ...” ಎಂದ ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ನಕ್ಕರು.