ಕರಾರುಪತ್ರದಲ್ಲಿ ಬಿಟ್ಟ ಜಾಗ

ಮದುವೆಯ ಕರಾರು ಓದುತ್ತಿದ್ದ ನೋಟರಿ ತಿಸೊ, "ಮಹಾರಾಜರ ಪುತ್ರಿ ಆಂಜೆಲಿಕ್" ಎಂಬಲ್ಲಿಗೆ ಬಂದವನು ತಾಯಿಯ ಹೆಸರಿಗೆಂದು ಬಿಟ್ಟಿದ್ದ ಜಾಗವನ್ನು ಹಾರಿಸಿ ಮುಂದಿನ ಸಾಲಿಗೆ ಹೋದ. ಹಾಗೇ ಓದಬೇಕೆಂದು ಅವನಿಗೆ ಮೊದಲೇ ಅಪ್ಪಣೆಯಾಗಿತ್ತು.

"ಸ್ವಲ್ಪ ನಿಲ್ಲಿಸಿ," ಎಂದಳು ಆಂಜೆಲಿಕ್. "ಒಂದು ಹೆಸರು ಬಿಟ್ಟುಹೋಗಿದೆ."

ಫ್ರಾನ್ಸಿನ ಫಾಂಟೆನ್‌ಬ್ಲೊ ಅರಮನೆಯ ಆ ಕೋಣೆಯಲ್ಲಿ, ರಾಜನೊಬ್ಬನನ್ನು ಬಿಟ್ಟು, ನೆರೆದವರೆಲ್ಲ ತಂತಮ್ಮ ಬೂಟಿನ ತುದಿ ನೋಡತೊಡಗಿದರು. ಅವಳ ತಾಯಿ ಪೆರೆಟ್ ಮೊರೋ ಅರಮನೆಯ ಉಡುಪುಗಳಿಗೆ ಕಸೂತಿ ಹಾಕುತ್ತಿದ್ದವಳು. ಮಗಳಿಗೆ ಆರು ತುಂಬಿದಾಗ ತೀರಿಕೊಂಡಳು. ಆಮೇಲಷ್ಟೇ ರಾಜ ಆಜ್ಞಾಪತ್ರ ಹೊರಡಿಸಿ ಮಗುವನ್ನು ತನ್ನದೆಂದು ಒಪ್ಪಿಕೊಂಡಿದ್ದ. ಆ ಪತ್ರದಲ್ಲೂ ತಾಯಿಯ ಹೆಸರಿರಲಿಲ್ಲ.

ವರನ ತಾಯಿ, ಬ್ರೆವಾಲಿನ ಡಚೆಸ್, ಬೀಸಣಿಗೆ ಮಡಚಿದಳು. "ರಾಜಕುಮಾರಿಯವರೇ, ಸೂಜಿ ಹಿಡಿದವಳ ಹೆಸರು ನಮ್ಮ ಮನೆತನದ ಪತ್ರದಲ್ಲಿ ಯಾಕೆ? ರಾಜರ ಮಗಳು ಅಂತಿದ್ರೆ ಸಾಲದಾ?"

"ಆ ಸೂಜಿ ಹಿಡಿದೇ ಅಮ್ಮ ನನ್ನನ್ನ ಆರು ವರ್ಷ ಸಾಕಿದ್ದು. ಆಗ ನಾನು ರಾಜರ ಮಗಳಾಗಿರಲಿಲ್ಲ. ಅವಳೊಬ್ಬಳ ಮಗಳಾಗಿದ್ದೆ."

"ಆ ಹೆಸರು ಬಂದ್ರೆ ನನ್ನ ಮಗನ ಸಹಿ ಬೀಳೋದಿಲ್ಲ."

"ಹಾಗಾದ್ರೆ ಸಹಿ ಬೇಡ ಬಿಡಿ," ಎಂದಳು ಆಂಜೆಲಿಕ್, ದನಿ ಏರಿಸದೆ.

ವರ ಮೇಜಿನ ಮೇಲಿದ್ದ ಮಸಿಕುಡಿಕೆಯನ್ನು ಮೆಲ್ಲಗೆ ಅವಳ ಕಡೆಗೆ ಸರಿಸಿದ.

ಮೂವತ್ತು ವರ್ಷದ ಕಸುಬಿನಲ್ಲಿ ತಿಸೊ ತನ್ನ ಲೇಖನಿಯನ್ನು ಯಾರಿಗೂ ಮುಟ್ಟಗೊಟ್ಟವನಲ್ಲ. ಇವತ್ತು ಅವಳು ಕೈ ಚಾಚಿದಾಗ ಯಾಕೋ ಅವನ ಬೆರಳುಗಳು ತಾವಾಗಿಯೇ ಸಡಿಲವಾದವು. ಅವಳು ಬಗ್ಗಿ ತಾಯಿಯ ಹೆಸರನ್ನು ದಪ್ಪಕ್ಷರದಲ್ಲಿ ಬರೆದಳು. ಅವಳ ಕತ್ತಿನ ನರವೊಂದು ಪಟಪಟ ಹೊಡೆದುಕೊಳ್ಳುತ್ತಿದ್ದುದು ಪಕ್ಕದಲ್ಲಿದ್ದ ತಿಸೊಗೆ ಕಂಡಿತು. ಇಷ್ಟು ಹೆದರಿಕೆ ಇಟ್ಟುಕೊಂಡು ಇಷ್ಟು ನೆಟ್ಟಗೆ ನಿಲ್ಲುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

ಅವಳು ಪತ್ರವನ್ನು ರಾಜನ ಮುಂದಿಟ್ಟಳು. "ತಪ್ಪು ಅನ್ನಿಸಿದ್ರೆ ಹೊಡೆದುಹಾಕಿ, ಪ್ರಭು. ಆದ್ರೆ ನಿಮ್ಮ ಕೈಯಿಂದಲೇ ಆಗ್ಲಿ."

ರಾಜ ಪತ್ರವನ್ನು ಕಣ್ಣಿನ ಹತ್ತಿರ ಹಿಡಿದ. ಬಹಳ ಹೊತ್ತು ನೋಡಿದ. ಕೊನೆಗೆ ಲೇಖನಿಗೆ ಕೈ ಚಾಚಿದ.

"ತಪ್ಪಾಗಿದೆ," ಎಂದ. "ಅವಳು ತನ್ನ ಹೆಸರಿಗೆ ಎರಡು 'ಆರ್' ಅಕ್ಷರ ಬರೀತಿದ್ದಳು."