ಕರೆಂಟ್ ಹೋದರೆ?

ನಾಳೆ ಪುಟ್ಟ ಶ್ರಾವಣಿಗೆ ಹೃದಯದ ಆಪರೇಷನ್. ಆ ಹೊತ್ತಿನಲ್ಲಿ ಹೃದಯ, ಶ್ವಾಸಕೋಶಗಳ ಬದಲಿಗೆ ದುಡಿಯುವ ಯಂತ್ರವನ್ನು ನಡೆಸುವವಳು ಶಶಿಕಲಾ. ಹುಡುಗಿಗೆ ಧೈರ್ಯ ಹೇಳಲೆಂದು ವಾರ್ಡಿಗೆ ಬಂದಳು.

“ನನ್ನ ಹಾರ್ಟ್ ನಿಲ್ಲಸ್ತೀರಂತ, ಖರೇನ್ರೀ?”

“ಹೌದವ್ವಾ, ಸ್ವಲ್ಪ ಹೊತ್ತು. ಅಲ್ಲೀತನಕ ನನ್ನ ಮಷೀನು ರಕ್ತ ಓಡಸ್ತೈತಿ.”

“ಉಸಿರು?”

“ಅದನ್ನೂ ಅದ ನೋಡ್ಕೊಳ್ತೈತಿ.”

“ನಡುವ ನಿಮಗ ನಿದ್ದಿ ಹತ್ತಿದ್ರ?”

ಶಶಿಕಲಾಗೆ ನಗು ಬಂತು. “ನಿದ್ದಿ ಮಾಡೂದು ನಿನ್ನ ಕೆಲಸ. ನಾ ಕಣ್ಣ ಮುಚ್ಚೂದಿಲ್ಲ.”

“ಕರೆಂಟ್ ಹೋದ್ರ?”

“ಬ್ಯಾಟರಿ ಐತಿ. ಅದೂ ಕೈಕೊಟ್ರ ನಾನ ಕೈಲೆ ತಿರುಗಸ್ತೀನಿ.”

ಇಷ್ಟು ಚಿಕ್ಕ ಜೀವಕ್ಕೆ ಅದೆಷ್ಟು ಹೆದರಿಕೆಯೋ ಎಂದು ಮರುಗಿ ಶಶಿಕಲಾ ಅವಳ ತಲೆ ಸವರಿದಳು.

ಹುಡುಗಿ ಮಂಚದಿಂದ ಬಗ್ಗಿ, ಕಿಟಕಿಯತ್ತ ಮುಖ ಮಾಡಿ ನಿಂತಿದ್ದ ಅಪ್ಪನ ಅಂಗಿ ಜಗ್ಗಿದಳು. “ಎಲ್ಲಾ ಕೇಳಿದಿ ಹೌದಲ್ಲೋ ಅಪ್ಪಾ? ಇನ್ನರ ಅಳೂದು ಬಿಟ್ಟು ಊಟ ಮಾಡು.”