ಅಟ್ಟದ ಕಾಯಿ, ಕಾರ್ಡಿನ ಫ್ಯಾನು

ಗಾಳಿ ಬಂದಾಗ ತೂರಿಕೋ, ಕಾರ್ಡ್ ಕಾದಾಗ ಬೀಸಿಕೋ. ಗಾದೆಗೆ ಬಾಲ ಕಟ್ಟಿದ್ದು ನಾನು. ಕಥೆ ಮಾತ್ರ ತಿಪಟೂರಿನಲ್ಲಿ ನಡೆದದ್ದು ನಡೆದ ಹಾಗೆ. ಸ್ಟುಡಿಯೋ ದಯಾನಂದ್ ಬೆಳಗಿನಿಂದ ಮೂರನೇ ಸಲ ಕಂಪ್ಯೂಟರ್ ಆನ್ ಮಾಡಿದ. ಹಿಂದಿನ ಎರಡು ಸಲವೂ ಗ್ರಾಫಿಕ್ಸ್ ಕಾರ್ಡ್ ಕಾದು ಕೆಂಡವಾಗಿ, ಯಂತ್ರ ಅರ್ಧ ಕೆಲಸದಲ್ಲೇ ಕಣ್ಣು ಮುಚ್ಚಿತ್ತು.

ಕೆಲಸ ಅಂದರೆ ಅಕ್ಕ ಸರ್ವಮಂಗಳಳ ಮದುವೆ ಕ್ಯಾಸೆಟ್ಟು. ಮೂವತ್ತು ವರ್ಷ ಬೀರುವಿನಲ್ಲಿ ಬೂಷ್ಟು ಹಿಡಿದಿದ್ದ ಅದನ್ನು ಕಂಪ್ಯೂಟರಿಗೆ ಇಳಿಸಿ, ಮಸುಕು ತೊಳೆಯಲು ಹಾಕಿದ್ದ. ಅದರಲ್ಲಿ ಅಪ್ಪ ನಲವತ್ತು ಸೆಕೆಂಡು ಇದ್ದಾನೆ. ಅಕ್ಕನ ಮದುವೆಯಾದ ವರ್ಷವೇ ಅಪ್ಪ ತೀರಿಕೊಂಡಾಗ ದಯಾನಂದನಿಗೆ ಆರು ವರ್ಷ. ಅಪ್ಪ ನಕ್ಕರೆ ಬೀದಿ ಕೊನೆಗೆ ಕೇಳುತ್ತಿತ್ತು ಅಂತ ಊರೇ ಹೇಳುತ್ತೆ. ಅವನಿಗೆ ಮಾತ್ರ ಆ ನಗು ಒಂಚೂರೂ ನೆನಪಿಲ್ಲ. ಕ್ಯಾಸೆಟ್ಟಿನಲ್ಲಿ ಅದು ಇದೆ ಅಂದಿದ್ದಳು ಅಕ್ಕ. ಅವಳು ಐದರ ಬಸ್ಸಿಗೆ ಕಂದಿಕೆರೆಗೆ ಹೊರಡುವ ಮುಂಚೆ ಇಬ್ಬರೂ ಕೂತು ಕೇಳಬೇಕು.

"ಈ ಕಾರ್ಡಿಗೆ ಇದ್ದಿದ್ದೇ ಇಬ್ಬರು ಅಭಿಮಾನಿಗಳು ಅಕ್ಕ. ಒಂದು ಫ್ಯಾನ್ ಸತ್ತೈತೆ. ಇನ್ನೊಂದು ಎಂಬತ್ತು ಡಿಗ್ರಿ ಆಗೋಗಂಟ ನಿದ್ದೆಯಿಂದ ಏಳಲ್ಲ. ಈ ಕಂಪ್ಯೂಟರ್ ನಡೆಸೋ ಲಿನಕ್ಸಲ್ಲಿ ಒಂದು ಅನುಕೂಲ, ಅದರ ಲಗಾಮು ನಾವೇ ಹಿಡಿಬೋದು." ಅವನು ಪರದೆಯ ಕಪ್ಪು ಕಿಟಕಿಯಲ್ಲಿ ಟಕಟಕ ಆಜ್ಞೆ ಕುಟ್ಟಿದ. ಐವತ್ತು ಡಿಗ್ರಿಗೆ ಅರ್ಧ ವೇಗ, ಅರವತ್ತೈದಕ್ಕೆ ಪೂರ್ತಿ. ಫ್ಯಾನು ಬುಸ್ಸೆಂದು ಎದ್ದಿತು.

"ಅಪ್ಪನೂ ಇದನ್ನೇ ಮಾಡ್ತಿದ್ದ ಕಣ್ಲಾ," ಅಂದಳು ಸರ್ವಮಂಗಳ. "ಕಾಯಿ ಒಣಗಿಸೋ ಅಟ್ಟದ ಕೆಳಗೆ ಬಿಸಿ ಜಾಸ್ತಿಯಾದ್ರೆ ಕೊಬ್ಬರಿ ಕಮರುತ್ತೆ, ಕಮ್ಮಿಯಾದ್ರೆ ಬೂಷ್ಟು. ಒಲೆ ಮುಂದೆ ಕೂತು ತೆಂಗಿನ ಮಟ್ಟೆ ಒಂದಿಷ್ಟು ಒಳಕ್ಕೆ ತಳ್ಳೋದು, ಒಂದಿಷ್ಟು ಹೊರಕ್ಕೆ ಎಳೆಯೋದು. ಅಷ್ಟಕ್ಕೆ ನೀನು ಇಷ್ಟು ಅಕ್ಷರ ಕುಟ್ತೀಯ."

"ಅಪ್ಪನ ಹತ್ರ ಡಿಗ್ರಿ ಇರಲಿಲ್ವಲ್ಲ."

"ನಿನ್ನ ಹತ್ರಾನೂ ಇಲ್ಲ ಬುಡು, ಫೈನಲ್ ಇಯರಲ್ಲಿ ಕೈ ಎತ್ತಿದೋನು. ಅಪ್ಪನಿಗೆ ಕಿವಿ ಇತ್ತು. ಕಾಯಿ ಅಲ್ಲಾಡಿಸಿ, ಒಳಗೆ ಕೊಬ್ಬರಿ ಗಿಟುಕು ಕುಲುಕಿದ್ರೆ ಒಣಗೈತೆ ಅಂತ ಹೇಳೋದು. ಮದುವೆ ದಿವ್ಸ ಬೀಗರಿಗೆ ಕೊಡೋಕೆ ಹಂಗೇ ಆರಿಸ್ತಿದ್ದ. ಒಂದು ಹಸಿಕಾಯಿ ಎತ್ಕೊಂಡಾಗ ನಾನು ಹಿಂದೆ ನಿಂತು ನಾಲಿಗೇಲೇ ಗಿಟಗಿಟ ಅನ್ನಿಸ್ಬುಟ್ಟೆ. ಒಣಗೈತೆ ಅಂತ ಅಪ್ಪ ಬೀಗರ ಮುಂದೆ ಒಡ್ದ. ನೀರೆಲ್ಲ ಹೊಸ ಶರ್ಟಿಗೆ. ಬೀಗರು ಉಸಿರೆತ್ತಲಿಲ್ಲ. ಅಪ್ಪನೇ ಮೊದಲು ನಕ್ಕಿದ್ದು."

ಕಾರ್ಡಿನ ಬಿಸಿ ಐವತ್ತೆಂಟು, ಅರವತ್ತೊಂದು, ಮತ್ತೆ ಐವತ್ತೊಂಬತ್ತು. ನಾಲ್ಕಕ್ಕೆ ಕೆಲಸ ಮುಗಿಯಿತು. ದಯಾನಂದ್ ವಿಡಿಯೋ ಹಚ್ಚಿದ. ಅಪ್ಪ ಬಂದ. ಅಟ್ಟದ ಏಣಿಯ ಪಕ್ಕ ನಿಂತು ಕಾಯಿಯನ್ನು ಕಿವಿಗೆ ಹಿಡಿದ. ಹಿಂದೆ ಮದುಮಗಳು, ತುಟಿ ಬಿಗಿದು, ಕೆನ್ನೆ ಕುಣಿಸುತ್ತ. ಕಾಯಿ ಒಡೆಯಿತು, ನೀರು ಚಿಮ್ಮಿತು, ಅಪ್ಪ ತಲೆ ಹಿಂದಕ್ಕೆ ಎಸೆದು ಬಾಯಿ ತೆರೆದ. ಸ್ಪೀಕರಿನಿಂದ ಬರೀ ಸುಯ್ಯ್ ಎಂಬ ಸದ್ದು. ಸರಿಯಾಗಿ ಅಲ್ಲೇ ದನಿಯನ್ನು ಬೂಷ್ಟು ತಿಂದುಹಾಕಿತ್ತು.

ಮೂರು ಸಲ ಹಾಕಿದ. ಮೂರು ಸಲವೂ ಅಪ್ಪ ಮೂಕನಾಗಿ ನಕ್ಕ.

"ಇರೋ ಚಿತ್ರನ ತೊಳೀಬೋದು ಅಕ್ಕ. ಇಲ್ದಿರೋ ಸದ್ದನ್ನ ಎಲ್ಲಿಂದ ತರ್ಲಿ."

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಕೂತಳು. ಆ ಕಡೆ ನೋಡಲಾರದೆ ದಯಾನಂದ್ ಯಂತ್ರದ ಕಡೆ ತಿರುಗಿದ. ಆಗಲೇ ಶುರುವಾಯಿತು: ಗರ್ರ್... ಗಿಟ್... ಗರ್ರ್ ಗಿಟಗಿಟ.

ಪರದೆ ನೋಡಿದ. ನಲವತ್ತನಾಲ್ಕು ಡಿಗ್ರಿ, ಫ್ಯಾನಿನ ವೇಗವೂ ಸರಿಯಾಗಿದೆ. ಆದರೆ ಕೊಬ್ಬರಿ ಮನೆಯ ಮಗ. ಸಂಖ್ಯೆ ಏನೇ ಹೇಳಲಿ, ನಂಬುವುದು ಕಿವಿಯನ್ನೇ. ಕಂಪ್ಯೂಟರಿನ ಡಬ್ಬವನ್ನು ಓರೆ ಮಾಡಿ ಕಿವಿಗೊಟ್ಟ. "ಇದ್ದ ಒಂದು ಫ್ಯಾನಿನ ಬೇರಿಂಗೂ ಹೋಯ್ತು." ವೇಗ ಇನ್ನೂ ಇಳಿಸಿದ. ಗಿಟಗಿಟ ಜೋರಾಯಿತು. ಸೊನ್ನೆಗೆ ತಂದ. ಇನ್ನೂ ಜೋರು. ಕೊನೆಗೆ ಕಂಪ್ಯೂಟರನ್ನೇ ಆಫ್ ಮಾಡಿ ಪ್ಲಗ್ ಕಿತ್ತ. ಪರದೆ ಕಪ್ಪಾಯಿತು, ದೀಪಗಳು ಆರಿದವು. ಗರ್ರ್ ಗಿಟಗಿಟಗಿಟ.

"ಅಕ್ಕ, ಕರೆಂಟೇ ಇಲ್ದೆ ತಿರುಗ್ತೈತಲ್ಲೇ ಇದು," ಅಂದ ದಯಾನಂದ್, ಪ್ಲಗ್ಗನ್ನು ಕಣ್ಣೆದುರು ಹಿಡಿದುಕೊಂಡು.

ಫ್ಯಾನು ಬಸ್ಸಿನಂತೆ ಗೇರು ಬದಲಾಯಿಸಿತು. ಏದುಸಿರು ಬಿಡುತ್ತ ಏರು ಹತ್ತಿತು, ಬ್ರೇಕು ಕಿರ್ರೆಂದಿತು. ಆಮೇಲೆ ಕಂಡಕ್ಟರನಂತೆ ಮೂಗಿನಲ್ಲಿ ಕೂಗಿತು: "ತುರುವೇಕೆರೆ, ತುರುವೇಕೆರೆ, ಒಳಗೋಗ್ರೀ, ಬಾಗಿಲಲ್ಲಿ ನಿಂತು ತಪಸ್ಸು ಮಾಡಬ್ಯಾಡಿ."

ದಯಾನಂದ್ ತಿರುಗಿದ. ಸೆರಗಿನ ಹಿಂದೆ ಅಕ್ಕನ ಕೆನ್ನೆಗಳು ಆಗ ತಾನೇ ನೋಡಿದ ಮದುಮಗಳ ಕೆನ್ನೆಗಳಂತೆಯೇ ಕುಣಿಯುತ್ತಿದ್ದವು. ಕಣ್ಣು ಒದ್ದೆಯಾಗಿತ್ತು, ಅದು ನಾಟಕವಲ್ಲ. ಅವನು ಕೈಯಲ್ಲಿದ್ದ ಪ್ಲಗ್ ನೋಡಿದ, ಸತ್ತ ಡಬ್ಬ ನೋಡಿದ. ತಲೆ ಹಿಂದಕ್ಕೆ ಎಸೆದು, ಮೇಜು ಗುದ್ದಿ ಗುದ್ದಿ ನಕ್ಕ.

ಅಕ್ಕನ ಫ್ಯಾನು ತಟ್ಟನೆ ನಿಂತುಹೋಯಿತು. ಅವಳು ಸೆರಗು ಬಿಟ್ಟು, ಕಾಯಿಗೆ ಕಿವಿ ಹಿಡಿಯುವವಳಂತೆ ಅವನತ್ತ ತಲೆ ವಾಲಿಸಿದಳು.

"ಯಾಕಕ್ಕ?" ಅಂದ, ಉಸಿರು ಎಳೆದುಕೊಳ್ಳುತ್ತ.

"ಅಪ್ಪಂದೂ ಹಿಂಗೇ ಇತ್ತು ಕಣ್ಲಾ. ನಿಲ್ಲಿಸ್ಬ್ಯಾಡ."

ಅವನು ಮೊದಲಿಗಿಂತ ಜೋರಾಗಿ ನಕ್ಕ. ಬೀದಿ ಕೊನೆಯ ಕೊಬ್ಬರಿ ಅಂಗಡಿಯಲ್ಲಿ ತೂಕಡಿಸುತ್ತಿದ್ದ ಮುದುಕರೊಬ್ಬರು ಎದ್ದು ಹೊರಗೆ ಬಂದು, ಹಣೆಗೆ ಕೈ ಅಡ್ಡ ಹಿಡಿದು, ಸ್ಟುಡಿಯೋ ಕಡೆಗೇ ನೋಡುತ್ತ ನಿಂತರು.